ಕೆಲಗೇರಿ ಕೆರೆ ಜಿಯೋಕ್ಯಾಶ್ ಮತ್ತೆ ವಾಪಸ್ ಬಂತು. ಹತ್ತಿರ ಯಾವುದೂ ಇಲ್ಲವಲ್ಲ?

ಕೆರೆದಂಡೆ_ಧಾರವಾಡ:
ಜಿಪಿಎಸ್ ಹಿಡಿದು ಹುಡುಕಲೆಂದು ಬಚ್ಚಿಟ್ಟ ಡಬ್ಬಿಯ (ಕ್ಯಾಶ್) ಪುಟವನ್ನು ರಿವ್ಯೂವರ್, ಅಂದರೆ ಪ್ರಕಟಿಸುವ ಮೊದಲು ಪರಿಶೀಲಿಸುವವರು, ಎರಡನೇ ಸಲ ವಾಪಸ್ ಕಳಿಸಿದ್ದಾರೆ. ಇನ್ನೊಂದು ಕ್ಯಾಶ್‌ಗೆ ತೀರಾ ಹತ್ತಿರ ಇದೆಯಂತೆ. ಎರಡು ಕ್ಯಾಶ್ ನಡುವೆ 161 ಮೀಟರ್ ಇರಬೇಕೆಂಬ ನಿಯಮ ನನಗೂ ಗೊತ್ತು. ನಕ್ಷೆಯಲ್ಲಿ ಹತ್ತಿರದ್ದು 430 ಮೀಟರ್ ದೂರ, ಅದೂ ಕೆರೆಯ ಆಚೆ ದಂಡೆಯಲ್ಲಿ. ಮೊದಲ ಸಲ ವಾಪಸ್ ಬಂದಾಗ ಬಿಸಿಲಲ್ಲಿ ಹೋಗಿ ಡಬ್ಬಿ 60 ಮೀಟರ್ ಸರಿಸಿದೆ. ಮತ್ತೆ ಅದೇ ಉತ್ತರ. ಇನ್ನೆಲ್ಲಿಗೆ ಸರಿಸಬೇಕು ಹೇಳಿ.

ಉಣಕಲ್_ಜಿಪಿಎಸ್:
ಕೋಆರ್ಡಿನೇಟ್ (ಅಕ್ಷಾಂಶ-ರೇಖಾಂಶ) ತಪ್ಪು ಹಾಕಿರುತ್ತೀರಿ. ಫೋನ್ 15.4589 ಅಂತ ತೋರಿಸಿದರೆ ಪುಟದಲ್ಲಿ ಡಿಗ್ರಿ-ನಿಮಿಷದ ಲೆಕ್ಕದಲ್ಲಿ 15° 27.534 ಆಗಬೇಕು. ಎಲ್ಲರೂ ಎಡವುವುದು ಇಲ್ಲೇ.

ಕೆರೆದಂಡೆ_ಧಾರವಾಡ:
ನೋಡಿದ್ದೇನೆ. ನಕ್ಷೆಯ ಚುಕ್ಕೆ ಸರಿಯಾಗಿ ಡಬ್ಬಿ ಇಟ್ಟ ಬೇವಿನ ಮರದ ಮೇಲೇ ಇದೆ.

ಉಣಕಲ್_ಜಿಪಿಎಸ್:
ಹಾಗಾದರೆ ಮರದ ನೆರಳಿನ ತೊಂದರೆ. ಫೋನ್ ನಂಬಬೇಡಿ. ನಾನು ಕೈಯಲ್ಲಿ ಹಿಡಿಯುವ ಜಿಪಿಎಸ್ ಸಾಧನ ಇಟ್ಟು ಹತ್ತು ನಿಮಿಷ ಸರಾಸರಿ ತೆಗೆಯುತ್ತೇನೆ. ನೃಪತುಂಗ ಬೆಟ್ಟದಲ್ಲಿ 3 ಮೀಟರ್‌ಗಿಂತ ಜಾಸ್ತಿ ವ್ಯತ್ಯಾಸ ಬಂದದ್ದೇ ಇಲ್ಲ.

ಗದಗ_ಗಾಡಿ:
ಕೆರೆ ಸುತ್ತಿ ನಡೆದರೆ ಒಂದು ಕಿಲೋಮೀಟರ್‌ಗೂ ಜಾಸ್ತಿ ಆಗುತ್ತದೆ ಅಲ್ವಾ? ಅದನ್ನೇ ರಿವ್ಯೂವರ್‌ಗೆ ಬರೆಯಿರಿ.

ಕಪ್ಪುಮಣ್ಣು:
ಅಳತೆ ನೇರ ಗೆರೆಯದು ರೀ, ನಡಿಗೆಯದಲ್ಲ. 528 ಅಡಿ, ಅಂದರೆ 0.1 ಮೈಲಿ.

ಗದಗ_ಗಾಡಿ:
ಬೇಸಿಗೆಯಲ್ಲಿ ಕೆರೆ ಬತ್ತಿದರೆ ನೇರ ಹೋಗಬಹುದು. ಮಳೆಗಾಲದಲ್ಲಿ ಯಾರು ಹೋಗುತ್ತಾರೆ? ನಿಯಮ ಬರೆದವರು ಇದನ್ನೂ ನೋಡಬೇಕು.

ಡಬ್ಬಿ_ಹುಡುಕಾಟ:
ಆ ಜಗಳ ಬಿಡ್ರಿ, 430 ಹೇಗೂ 161ಕ್ಕಿಂತ ದೊಡ್ಡದು. ಫಾರ್ಮ್ಯಾಟ್ ತಪ್ಪಿದ್ದರೂ ಹೀಗೆ ಆಗಲ್ಲ. 15° 27.534 ಇರುವ ಕಡೆ 15.27534 ಅಂತ ಹಾಕಿದರೆ ಚುಕ್ಕೆ 20 ಕಿ.ಮೀ. ದಕ್ಷಿಣಕ್ಕೆ ಹೋಗಿ ಬೀಳುತ್ತದೆ. ತಮ್ಮಾ, ನಿನ್ನದು ಯಾವ ಬಗೆಯ ಕ್ಯಾಶ್? ಸಾದಾನಾ, ಹಂತ ಹಂತವಾಗಿ ಹುಡುಕುವ ಮಲ್ಟಿನಾ?

ಕೆರೆದಂಡೆ_ಧಾರವಾಡ:
ಮಲ್ಟಿ ಅಣ್ಣಾ. ಎರಡೇ ಹಂತ. ದಾರಿಯ ಮೋರಿ ಕಟ್ಟೆಯ ಒಳಬದಿಗೆ ಒಂದು ರೂಪಾಯಿ ನಾಣ್ಯದಷ್ಟು ಅಲ್ಯೂಮಿನಿಯಂ ಬಿಲ್ಲೆ ಅಂಟಿಸಿದ್ದೇನೆ. ಮೊಳೆಯಿಂದ ಡಬ್ಬಿಯ ಜಾಗದ ಅಂಕಿ ಕೊರೆದು, ಕಪ್ಪು ಬಣ್ಣ ತುಂಬಿ ಒರೆಸಿದ್ದೇನೆ. ಡಬ್ಬಿ ಅಲ್ಲಿಂದ 300 ಮೀಟರ್. ಬಿಲ್ಲೆ ಕ್ಯಾಶ್ ಅಲ್ಲವಲ್ಲ, ಅದಕ್ಕೇ ಹೇಳಲಿಲ್ಲ.

ಡಬ್ಬಿ_ಹುಡುಕಾಟ:
ಅಡ್ಡ ಬರುತ್ತಿರುವುದು ಆ ಬಿಲ್ಲೆ. ನೀನು ಇಟ್ಟ ಯಾವ ವಸ್ತುವಾದರೂ, ಬೇರೆ ಕ್ಯಾಶ್‌ನವರು ಇಟ್ಟ ವಸ್ತುವಿನಿಂದ 161 ಮೀಟರ್ ದೂರ ಇರಬೇಕು. ಡಬ್ಬಿ ಎಷ್ಟು ಸರಿಸಿದರೂ ಬಿಲ್ಲೆ ಅಲ್ಲೇ ಇದೆಯಲ್ಲ. ನಿನ್ನದೇ ಎರಡು ಹಂತಗಳ ನಡುವೆ ಈ ಲೆಕ್ಕ ಇಲ್ಲ.

ಇನ್ನೊಂದು. ಸಾಧನಕೇರಿ ಕಡೆ ನಕ್ಷೆಯಲ್ಲಿ ನೀಲಿ ಪ್ರಶ್ನೆ ಗುರುತು ಇದೆ, ಅದು ಮಿಸ್ಟರಿ, ಅಂದರೆ ಒಗಟಿನ ಕ್ಯಾಶ್. ಗುರುತು ಇರುವಲ್ಲಿ ಡಬ್ಬಿ ಇರಬೇಕಂತಿಲ್ಲ. ಅಲ್ಲಿಂದ 3.2 ಕಿ.ಮೀ. ಒಳಗೆ ಎಲ್ಲಾದರೂ ಇರಬಹುದು, ಒಗಟು ಬಿಡಿಸಿದವರಿಗೇ ಗೊತ್ತು. ನಿನ್ನ ಮೋರಿ ಹತ್ತಿರವೇ ಇರಬಹುದು. ಬೇರೆಯವರ ಮಲ್ಟಿ ಹಂತಗಳೂ ಹೀಗೇ ನಕ್ಷೆಯಲ್ಲಿ ಕಾಣಲ್ಲ. ರಿವ್ಯೂವರ್‌ಗೆ ಕಾಣುತ್ತವೆ.

ಬಿಲ್ಲೆ ತೆಗೆದುಬಿಡು. ಅಲ್ಲಿ ಮೊದಲೇ ಇರುವುದನ್ನು ಎಣಿಸಲು ಹೇಳು, ಆ ಸಂಖ್ಯೆಯಿಂದ ಡಬ್ಬಿಯ ಜಾಗ ಗೊತ್ತಾಗಲಿ. ನೀನು ಏನೂ ಇಡದಿದ್ದರೆ ಆ ಹಂತಕ್ಕೆ ದೂರದ ನಿಯಮ ಇಲ್ಲ.

ಉಣಕಲ್_ಜಿಪಿಎಸ್:
ಇದೆಲ್ಲ ಸರಿ, ಆದರೂ ಸರಾಸರಿ ತೆಗೆಯಿರಿ.

ಗದಗ_ಗಾಡಿ:
ಕಪ್ಪತಗುಡ್ಡದಲ್ಲಿ 161ಕ್ಕೆ ಒಂದರಂತೆ ಹತ್ತು ಡಬ್ಬಿ ಇಡೋಣ ಅಂತಿದ್ದೇನೆ. ಯಾರು ಬರುತ್ತೀರಿ?

ಕಪ್ಪುಮಣ್ಣು:
ಅದು 2019ರಿಂದ ವನ್ಯಜೀವಿ ಧಾಮ. ಅರಣ್ಯ ಇಲಾಖೆಯ ಒಪ್ಪಿಗೆ ಇಲ್ಲದೆ ಒಂದು ಡಬ್ಬಿಯೂ ಇಡಬೇಡಿ. ಬೇಕಾದರೆ ಬೇರೆ ಚರ್ಚೆ ತೆರೆಯಿರಿ.

ಕೆರೆದಂಡೆ_ಧಾರವಾಡ:
ಬಿಲ್ಲೆ ಕಿತ್ತೆ, ಅಂಟು ಹೆರೆದು ತೆಗೆಯಲು ಅರ್ಧ ಗಂಟೆ ಹಿಡಿಯಿತು. ಈಗ ಮೋರಿ ಕಟ್ಟೆಯ ಕಲ್ಲು ಕಂಬ ಎಣಿಸಬೇಕು, ಏಳಿವೆ. ಡಬ್ಬಿ ಮೊದಲ ಜಾಗಕ್ಕೇ ಮರಳಿತು. ಈ ಸಲ ಎರಡೂ ಹಂತದ ಕೋಆರ್ಡಿನೇಟ್ ಬರೆದು ರಿವ್ಯೂವರ್‌ಗೆ ಕಳಿಸಿದ್ದೇನೆ. ಉತ್ತರ ಬಂದ ಕೂಡಲೇ ಇಲ್ಲಿ ಹಾಕುತ್ತೇನೆ.