ಮಗಳನ್ನು ತೀರ್ಥಹಳ್ಳಿಗೆ ಕಳಿಸಲಾ?

ತೀರ್ಥಹಳ್ಳಿ ಮೂಲ, ನ್ಯೂಜೆರ್ಸಿ:
ಎಲ್ಲರಿಗೂ ನಮಸ್ಕಾರ. ಮಗಳಿಗೆ 14 ವರ್ಷ. ಈ ಸಲ ರಜೆಗೆ ಅವಳೊಬ್ಬಳನ್ನೇ ಊರಿಗೆ ಕಳಿಸೋಣ ಅಂತಿದ್ದೇವೆ. ಇಲ್ಲಿ ರಜೆ ಅಂದರೆ ಜುಲೈ, ಅಲ್ಲಿ ಜಡಿಮಳೆ. ಮಳೆಯ ಹೆದರಿಕೆ ನನಗಿಲ್ಲ. ಅಪ್ಪ ಫೋನಿನಲ್ಲಿ ಮಾತು ಶುರು ಮಾಡುವುದೇ "ಈಗಿನ ಮಕ್ಕಳಿಗೆ ತಾಳ್ಮೆ ಇಲ್ಲ" ಅಂತ. ಇವಳು "ವಯಸ್ಸಾದವರೆಲ್ಲ ಹೀಗೇ" ಅಂತ ಎದ್ದು ಹೋಗುತ್ತಾಳೆ. ಒಂದು ತಿಂಗಳು ಹೇಗೆ ಕಳೆಯುತ್ತಾರೆ? ಹೀಗೆ ಕಳಿಸಿದವರು ಯಾರಾದರೂ ಇದ್ದರೆ ಹೇಳಿ.

ಸಾಗರ ಮೂಲ, ಡಲ್ಲಾಸ್:
ಕಳಿಸಿ ಅಕ್ಕ, ಏನೂ ಆಗಲ್ಲ. ನಮ್ಮ ಕಾಲದಲ್ಲಿ ಅಜ್ಜ ಜಗಲಿಗೆ ಬಂದರೆ ಎದ್ದು ನಿಲ್ಲುತ್ತಿದ್ದೆವು. ಈ ಜೆನ್ ಜೀ ಮಕ್ಕಳಿಗೆ ಕೂತಲ್ಲಿಗೇ ಎಲ್ಲ ಬರುತ್ತದೆ, ಯಾವುದರ ಬೆಲೆಯೂ ಗೊತ್ತಿಲ್ಲ. ಒಂದು ವಾರ ಕರೆಂಟ್ ಹೋಗಲಿ, ತಾನಾಗಿ ಸರಿಯಾಗುತ್ತಾರೆ.

ಹೊಸನಗರ ಮೂಲ, ಟೊರಾಂಟೊ:
ನಾವು ಮಗನನ್ನು ಕಳಿಸಿದ್ದೆವು. ನಿಮ್ಮ ಮಗಳಿಗೆ ಬಾಗಿಲು ಹಾಕಿಕೊಳ್ಳುವ ಒಂದು ಕೋಣೆ ಬೇಕು, ಬಾಗಿಲು ಹಾಕಿದರೆ ಸಿಟ್ಟು ಅಂತ ಅಲ್ಲ, ಇದನ್ನು ಅಪ್ಪನಿಗೆ ಮೊದಲೇ ಹೇಳಿಡಿ. ಉಪದೇಶ ಬಿಟ್ಟು ಕೆಲಸ ಕೊಡಲಿ. ಆಗ ಅಡಿಕೆ ತೋಟದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಗಡಿಬಿಡಿ ಇರುತ್ತದೆ. 1 ಕೇಜಿ ಮೈಲುತುತ್ತ, 1 ಕೇಜಿ ಸುಣ್ಣ, 100 ಲೀಟರ್ ನೀರು. ಎಷ್ಟು ಬ್ಯಾರೆಲ್ ಆಯಿತು ಅಂತ ಲೆಕ್ಕ ಬರೆಯುವುದು ಮಗನ ಕೆಲಸವಾಗಿತ್ತು, ಮದ್ದು ಮಾತ್ರ ಮುಟ್ಟಿಸಲಿಲ್ಲ. ಅಜ್ಜ ಮೊಮ್ಮಗ ಜಗಳ ಆಡಿದರು, ಆಡಲಿಲ್ಲ ಅಂತಲ್ಲ. ಆದರೆ ಜಗಳ ಇದ್ದದ್ದು ತುತ್ತದ ನೀರನ್ನು ಸುಣ್ಣಕ್ಕೆ ಸುರಿಯಬೇಕೋ, ಸುಣ್ಣವನ್ನು ತುತ್ತಕ್ಕೋ ಅಂತ.

ಡಲ್ಲಾಸ್:
ಕೆಲಸ ಕೊಟ್ಟರೆ ಸುಧಾರಿಸುವ ಪೀಳಿಗೆ ಅಲ್ಲ ಇದು. ಅಪ್ಪಂದಿರು ಕಷ್ಟಪಟ್ಟರು, ನಾವು ದುಡಿದೆವು, ಇವರು ಕೂತು ತಿನ್ನುತ್ತಿದ್ದಾರೆ. ಅಷ್ಟೇ.

ಮುಳುಗಡೆ ಮನೆಯವ, ಸಿಂಗಪುರ:
ಯಾವ ಅಪ್ಪಂದಿರು ಸಾರ್? ನಮ್ಮಜ್ಜ ಗೇಣಿ ಮಾಡುತ್ತಿದ್ದ ಗದ್ದೆ, ಮನೆ ಎಲ್ಲ 1964ರಲ್ಲಿ ಶರಾವತಿಯ ಲಿಂಗನಮಕ್ಕಿ ಅಣೆಕಟ್ಟಿನ ನೀರಿಗೆ ಹೋಯಿತು. ಶಿವಮೊಗ್ಗದ ಕಡೆ ಬಂದು ಕೂಲಿ ಮಾಡಿದರು. ಅದೇ ಊರಲ್ಲಿ, ನೀರು ಬಾರದ ಎತ್ತರದಲ್ಲಿದ್ದ ಗೇಣಿದಾರರು 1974ರ ಭೂಸುಧಾರಣೆಯಲ್ಲಿ ಡಿಕ್ಲರೇಷನ್ (ಉಳುವ ಭೂಮಿಯ ಹಕ್ಕು ಕೇಳುವ ಅರ್ಜಿ) ಹಾಕಿ ಗದ್ದೆಗೆ ಒಡೆಯರಾದರು. ಆ ಗದ್ದೆ ಬಿಟ್ಟುಕೊಟ್ಟ ಒಡೆಯರ ಮನೆಯಲ್ಲೂ ಅಷ್ಟೇ ವಯಸ್ಸಿನವರಿದ್ದರು. ಮೂವರನ್ನೂ ಕೂರಿಸಿ ಹಿಂದಿನ ಕಾಲ ಹೇಗಿತ್ತು ಅಂತ ಕೇಳಿ ನೋಡಿ, ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಒಪ್ಪುವುದಿಲ್ಲ. ನೀವು ಜಗಲಿಯಲ್ಲಿ ಎದ್ದು ನಿಲ್ಲುತ್ತಿದ್ದಿರಿ, ಸರಿ. ನಮ್ಮಜ್ಜ ಆ ಜಗಲಿ ಹತ್ತುವಂತೆಯೇ ಇರಲಿಲ್ಲ.

ಕೊಪ್ಪ ಮೂಲ, ಸಿಯಾಟಲ್:
ಇದನ್ನೆಲ್ಲ ಓದಿ ಕರುಳು ಹಿಂಡಿದ ಹಾಗಾಯಿತು. ಈಗ ಶಿವಮೊಗ್ಗಕ್ಕೆ ವಿಮಾನವೂ ಇದೆ, 2023ರಲ್ಲೇ ಏರ್‌ಪೋರ್ಟ್ ಆಯಿತು. ನಮ್ಮ ಮನೆಗೆ ಮಾತ್ರ ಬೀಗ. ಜಗಳ ಆಡುವುದಕ್ಕಾದರೂ ಅಜ್ಜ ಇದ್ದಾರಲ್ಲ, ಕಳಿಸಿ.

ಡಲ್ಲಾಸ್:
ಸಿಂಗಪುರದವರೇ, ಸುಮ್ನೆ ಜಾತಿ ತರಬೇಡಿ. ಇಲ್ಲಿ ಮಾತು ಮಕ್ಕಳದ್ದು.

ಸಿಂಗಪುರ:
ಜಾತಿ ಅಂದವರು ನೀವು, ನಾನು ಜಗಲಿ ಅಂದೆ. ಮಕ್ಕಳ ಮಾತೇ ಆಗಲಿ. ನೀವು ಎಷ್ಟು ಮಕ್ಕಳನ್ನು ನೋಡಿದ್ದೀರಿ? ನಿಮ್ಮ ಮನೆಯ ಇಬ್ಬರನ್ನು, ಅಲ್ವಾ?

ಡಲ್ಲಾಸ್:
ಅನುಭವದಿಂದಲೇ ಹೇಳಿದ್ದು. ಇನ್ನು ಹತ್ತು ವರ್ಷ ಹೋಗಲಿ, ನೀವೂ ಇದನ್ನೇ ಹೇಳುತ್ತೀರಿ.

ನ್ಯೂಜೆರ್ಸಿ:
ಟೊರಾಂಟೊದವರೇ, ಕರೆಂಟ್ ಹೋದಾಗ ವೈಫೈಗೆ ಏನು ಮಾಡಿದಿರಿ? ಮಗಳಷ್ಟೇ ಅಲ್ಲ, ಅಪ್ಪನಿಗೂ ಯೂಟ್ಯೂಬ್ ಇಲ್ಲದೆ ಊಟ ಸೇರುವುದಿಲ್ಲ.

ಟೊರಾಂಟೊ:
ಇನ್ವರ್ಟರ್ ಹಾಕಿಸಿ, ಮಳೆ ಶುರುವಾಗುವ ಮೊದಲೇ. ಬ್ಯಾಟರಿ ದೊಡ್ಡದೇ ಇರಲಿ.