ಒಂದು ಕೋಳಿಯಲ್ಲಿ ಮೂರು ದಿನದ ಪದಾರ್ಥ ಆಗ್ಬೇಕು, ಹೇಗೆ ಮಾಡುದು?

ಉಡುಪಿಸೊಸೆ:
ನಮ್ಮ ಮನೆಯಲ್ಲಿ ಆರು ಜನ, ಅತ್ತೆ ಮಾವ ನಾವಿಬ್ರು ಮತ್ತೆ ಇಬ್ರು ಮಕ್ಳು. ಬೇರೆ ಟೈಮಲ್ಲಿ ಬೂತಾಯಿ ಬಂಗುಡೆ ಮೀನಲ್ಲಿ ಹೇಗೂ ನಡೀತದೆ. ಈಗ ಜೂನ್ 1ರಿಂದ ಜುಲೈ 31ರ ತನಕ ಮಳೆಗಾಲದ ಮೀನುಗಾರಿಕೆ ನಿಷೇಧ, ಬೋಟ್ ಹೋಗುದಿಲ್ಲ ಅಲ್ವಾ, ನಾಡದೋಣಿಯವರ ಮೀನು ಬಂದ್ರೂ ರೇಟ್ ಕೇಳಿ ವಾಪಸ್ ಬರುದೇ ಆಗಿದೆ. ಹಾಗಾಗಿ ಆದಿತ್ಯವಾರ ಒಂದು ಬ್ರಾಯ್ಲರ್ ತರುದು, ಕ್ಲೀನ್ ಮಾಡಿ ಒಂದೂವರೆ ಕೆಜಿ ಹತ್ರ ಸಿಗ್ತದೆ, ಮಧ್ಯಾಹ್ನ ಗಸಿ (ತೆಂಗಿನಕಾಯಿ ಮಸಾಲೆಯ ಸಾರು) ಮಾಡಿದ್ರೆ ರಾತ್ರಿಗೆ ಪೀಸ್ ಹುಡುಕ್ಬೇಕು. ವಾರಕ್ಕೆ ಅದಕ್ಕಿಂತ ಜಾಸ್ತಿ ತರುವ ಹಾಗಿಲ್ಲ. ಮಾವನಿಗೆ ವಾರದಲ್ಲಿ ಮೂರು ಸಲ ಆದ್ರೂ ಬೇಕು, ಮಕ್ಳದ್ದೂ ಬೆಳೆಯುವ ಪ್ರಾಯ. ನೀರು ಎರೆದು ಜಾಸ್ತಿ ಮಾಡಿದ್ರೆ ಯಾರೂ ಉಣ್ಣುದಿಲ್ಲ. ಗೊತ್ತಿದ್ದವ್ರು ಹೇಳಿ ಪ್ಲೀಸ್.

ಬಿಜೈಅಕ್ಕ:
ಮೊದ್ಲು ಅಂಗಡಿಯಲ್ಲಿ ಕಟ್ ಮಾಡಿಸುದನ್ನು ಬದಲಿಸಿ. ಸುಮ್ನೆ ಕರಿ ಕಟ್ ಅಂದ್ರೆ ಅವ್ರು ದೊಡ್ಡ ದೊಡ್ಡ ಪೀಸ್ ಮಾಡಿ ಕೊಡ್ತಾರೆ, ಒಬ್ಬೊಬ್ರಿಗೆ ಎರಡು ಬಡಿಸಿದ್ರೆ ಪಾತ್ರೆ ಖಾಲಿ. ನೀವು ಎದೆ ಮಾಂಸ ಬೇರೆ, ಕಾಲು ತೊಡೆ ಬೇರೆ, ಬೆನ್ನು ಕುತ್ತಿಗೆ ರೆಕ್ಕೆ ಬೇರೆ ಕಟ್ಟಿಸಿ ಅಂತ ಹೇಳಿ, ರಶ್ ಇಲ್ಲದಾಗ ಹೋದ್ರೆ ಮಾಡಿ ಕೊಡ್ತಾರೆ. ಆದಿತ್ಯವಾರ ಕಾಲು ತೊಡೆಯದ್ದು ಮಾತ್ರ ಗಸಿ. ಬೆನ್ನು ಕುತ್ತಿಗೆ ರೆಕ್ಕೆಯನ್ನು ಉಪ್ಪು ಅರಸಿನ, ಜಜ್ಜಿದ ಶುಂಠಿ, ಸ್ವಲ್ಪ ಒಳ್ಳೆಮೆಣಸು (ಕಾಳುಮೆಣಸು) ಹಾಕಿ ಕುಕ್ಕರಲ್ಲಿ ಸಣ್ಣ ಉರಿಯಲ್ಲಿ ಅರ್ಧ ಗಂಟೆ ಇಡಿ, ಆಮೇಲೆ ಸೋಸಿ ಎಲುಬಿಗೆ ಅಂಟಿದ ಮಾಂಸವನ್ನೆಲ್ಲ ಕೈಯಲ್ಲೇ ಬಿಡಿಸಿ ತೆಗೀರಿ, ಕುತ್ತಿಗೆಯಲ್ಲಿ ಎಷ್ಟು ಮಾಂಸ ಉಂಟು ಅಂತ ಬಿಡಿಸುವಾಗಲೇ ಗೊತ್ತಾಗುದು. ಆ ನೀರಲ್ಲಿ ಸ್ವಲ್ಪ ತೆಗೆದಿಟ್ಟು ಉಳಿದದ್ದು ಒಂದು ದಿನದ ಸಾರಿಗೆ ಆಯ್ತು, ಕುಚ್ಚಲಕ್ಕಿ ಗಂಜಿಯ ಜೊತೆ ಬಿಸಿ ಬಿಸಿ ಕೊಡಿ, ಈ ಮಳೆಗೆ ಹಿರಿಯವರಿಗೆ ಅದು ತುಂಬ ಒಳ್ಳೇದು.

ಬಿಡಿಸಿದ ಮಾಂಸ ಮತ್ತೆ ಎದೆಯದ್ದನ್ನು ಸಣ್ಣ ಸಣ್ಣ ಮಾಡಿ ಕಡ್ಲೆ ಹಾಕಿ ಸುಕ್ಕ (ನೀರಿಲ್ಲದ ಒಣ ಪದಾರ್ಥ) ಮಾಡಿ. ಕಾಲು ಕೆಜಿ ಕಪ್ಪು ಕಡ್ಲೆ ರಾತ್ರಿ ನೆನೆಸಿ ಬೇಯಿಸಿದ್ರೆ ಆರು ಜನಕ್ಕೆ ಧಾರಾಳ ಆಗ್ತದೆ. ಆದ್ರೆ ಕಡ್ಲೆಯನ್ನು ನೀರಲ್ಲಿ ಬೇಯಿಸ್ಬೇಡಿ, ತೆಗೆದಿಟ್ಟ ಆ ಕೋಳಿ ನೀರಲ್ಲೇ ಬೇಯಿಸಿ, ಇದು ಮುಖ್ಯ. ಕಡ್ಲೆಯ ಒಳಗೆ ರುಚಿ ಹೋದ ಮೇಲೆ ಪೀಸ್ ಕಡಿಮೆ ಆಯ್ತು ಅಂತ ಯಾರೂ ಹೇಳುದಿಲ್ಲ. ಈಗ ಹಲಸಿನ ಬೀಜವೂ ಇರ್ತದೆ ಅಲ್ವಾ ಮನೆಯಲ್ಲಿ, ಅದನ್ನೂ ಹಾಗೇ ಹಾಕ್ಬಹುದು.

ಉಳ್ಳಾಲದವಳು:
ಬಿಜೈ ಅಕ್ಕ ಹೇಳಿದ್ದು ಸರಿ. ನಮ್ಮ ಬ್ಯಾರಿ ಮುಸ್ಲಿಮರ ಮನೆಗಳಲ್ಲಿ ಇದಕ್ಕೆ ಪಿಂಡಿ ಉಂಟು. ಅಕ್ಕಿ ಹಿಟ್ಟಿಗೆ ಕಾಯಿ, ಜೀರಿಗೆ, ಉಪ್ಪು ಹಾಕಿ ಬಿಸಿ ನೀರಲ್ಲಿ ಕಲಸಿ ಗೋಲಿಯಷ್ಟು ಸಣ್ಣ ಸಣ್ಣ ಉಂಡೆ ಮಾಡಿ ಹಬೆಯಲ್ಲಿ ಬೇಯಿಸುದು, ಆಮೇಲೆ ಕುದಿಯುವ ಮಾಂಸದ ಮಸಾಲೆಗೆ ಹಾಕಿ ಹತ್ತು ನಿಮಿಷ ಬಿಡುದು. ಮಸಾಲೆ ನೀರು ನೀರೇ ಇರ್ಲಿ, ಉಂಡೆ ಹೀರಿಕೊಂಡು ತಾನೇ ದಪ್ಪ ಆಗ್ತದೆ. ಅರ್ಧ ಕೆಜಿ ಮಾಂಸದಲ್ಲಿ ಮನೆಯವ್ರೆಲ್ಲ ಹೊಟ್ಟೆ ತುಂಬ ತಿಂತಾರೆ, ಬೇರೆ ಅನ್ನ ರೊಟ್ಟಿ ಎಂತದೂ ಬೇಡ. ಉಂಡೆ ಮಾಡ್ಲಿಕ್ಕೆ ಮಕ್ಳನ್ನೂ ಕೂರಿಸಿ, ಒಬ್ರೇ ಮಾಡಿದ್ರೆ ಬೆನ್ನು ಹೋಗ್ತದೆ.

ಪಡುಬಿದ್ರಿಭಟ್ಟಿ:
ಸೋಯಾ ಚಂಕ್ಸ್ ಯಾರೂ ಹೇಳ್ಲೇ ಇಲ್ಲ? 100 ಗ್ರಾಮಲ್ಲಿ 50 ಗ್ರಾಮ್ ಹತ್ರ ಪ್ರೊಟೀನ್ ಉಂಟು, ರೇಟೂ ಕಡಿಮೆ.

ಕುಲಶೇಖರದಬಾಯಿ:
ಪ್ರೊಟೀನ್ ಉಂಟು ಸರಿ, ಆದ್ರೆ ಗಸಿಗೆ ಹಾಕಿದ್ರೆ ಪ್ರಾಯದವ್ರಿಗೆ ಒಂದೇ ತುತ್ತಿಗೆ ಗೊತ್ತಾಗ್ತದೆ, ಮತ್ತೆ ಇಡೀ ಪದಾರ್ಥ ಬೇಡ ಅಂತಾರೆ. ಅದಕ್ಕಿಂತ ಮೊಟ್ಟೆ ಬೇಯಿಸಿ ಗೀರು ಹಾಕಿ ಉಳಿದ ಗಸಿಗೆ ಬಿಡಿ, ಮಕ್ಳಿಗೂ ಖುಷಿ. ನಮ್ಮ ಕ್ರಿಶ್ಚಿಯನ್ ಮನೆಗಳಲ್ಲಿ ಬಾಫತ್ ಅಂತ ಮಾಡುವ ಮಾಂಸದ ಪದಾರ್ಥಕ್ಕೆ ಮೂಲಂಗಿ ಹಾಕ್ತೇವೆ, ಮಟನ್ ಆದ್ರೂ ಬೀಫ್ ಆದ್ರೂ. ಮೂಲಂಗಿ ಮಾಂಸದ ಕೊಬ್ಬನ್ನು ಚಂದ ಎಳ್ಕೊಳ್ತದೆ, ಮರುದಿನ ಬಿಸಿ ಮಾಡಿದಾಗ ಮಾಂಸಕ್ಕಿಂತ ಮೂಲಂಗಿಯೇ ಮೊದ್ಲು ಖಾಲಿ. ಬಜೆಟ್ ಕಡಿಮೆ ಅಂತ ಮಾಡುದಲ್ಲ ಇದು, ನಮ್ಮ ಅಜ್ಜಿಯಂದಿರ ಕಾಲದಿಂದ ಹೀಗೇ.

ಇನ್ನೊಂದು, ಯಾವಾಗ್ಲೂ ಬ್ರಾಯ್ಲರೇ ಬೇಕಂತಿಲ್ಲ. ಮೊಟ್ಟೆ ಇಡುದು ನಿಲ್ಸಿದ ಲೇಯರ್ ಕೋಳಿ ಸಿಕ್ಕಿದ್ರೆ ತಕೊಳ್ಳಿ. ಮಾಂಸ ಗಟ್ಟಿ, ಬೇಯ್ಲಿಕ್ಕೆ ಗ್ಯಾಸ್ ಜಾಸ್ತಿ ಬೇಕು ನಿಜ, ಆದ್ರೆ ಸಾರಿನ ರುಚಿ ಬ್ರಾಯ್ಲರಲ್ಲಿ ಬರುದೇ ಇಲ್ಲ. ಲಿವರ್ ಸಹ ಕಡಿಮೆಗೆ ಸಿಗ್ತದೆ, ಒಳ್ಳೆಮೆಣಸು ನೀರುಳ್ಳಿ ಹಾಕಿ ಹುರಿದ್ರೆ ನೀರುದೋಸೆಗೆ ಆಯ್ತು, ಅದ್ರಲ್ಲಿ ಕಬ್ಬಿಣದಂಶ ತುಂಬ ಉಂಟು.

ಉಡುಪಿಸೊಸೆ:
ತುಂಬ ಥ್ಯಾಂಕ್ಸ್ ಎಲ್ಲರಿಗೂ. ಕಡ್ಲೆ ಸುಕ್ಕ ಈ ಆದಿತ್ಯವಾರವೇ ಮಾಡ್ತೇನೆ. ಆದ್ರೆ ಮೂರು ದಿನ ಇಡುದು ಹೇಗೆ, ಇಲ್ಲಿ ಗಾಳಿ ಮಳೆಗೆ ಕರೆಂಟ್ ಹೋದ್ರೆ ಬರುದು ಯಾವಾಗ ಅಂತಲೇ ಇಲ್ಲ. ಅತ್ತೆ ಗಸಿಯನ್ನು ದಿನಾ ಎರಡು ಸಲ ಕುದಿಸಿ ಇಡುವ ಅಂತಾರೆ.

ಬಿಜೈಅಕ್ಕ:
ಕಾಯಿ ಹಾಕಿದ ಗಸಿಯನ್ನು ಇಡ್ಲಿಕ್ಕೆ ಹೋಗ್ಬೇಡಿ, ಕಾಯಿಯದ್ದು ಬೇಗ ಹಳಸ್ತದೆ, ಕುದಿಸಿ ಕುದಿಸಿ ಎಣ್ಣೆ ಒಡೆದು ಮಾಂಸವೂ ನಾರು ನಾರಾಗ್ತದೆ. ಆದಿತ್ಯವಾರವೇ ಮೂರೂ ಪಾಲನ್ನು ಬೇಯಿಸಿ ಮುಗಿಸಿ, ಆದ್ರೆ ಮಸಾಲೆ ಅವತ್ತಿನ ಗಸಿಗೆ ಮಾತ್ರ. ಉಳಿದ ಎರಡು ಪಾಲು ಬರೀ ಉಪ್ಪು ಅರಸಿನದ್ದು, ತಣಿದ ಕೂಡ್ಲೇ ಚಪ್ಪಟೆ ಡಬ್ಬಿಯಲ್ಲಿ ಹಾಕಿ, ದೊಡ್ಡ ಪಾತ್ರೆಯಲ್ಲಿ ಇಟ್ರೆ ನಡುವಿನದ್ದು ತಣಿಲಿಕ್ಕೇ ತುಂಬ ಹೊತ್ತು ಬೇಕು. ಹೊರಗೆ ಎರಡು ಗಂಟೆಗಿಂತ ಹೆಚ್ಚು ಬಿಡ್ಬೇಡಿ. ಬೇಯಿಸಿದ್ದು ಫ್ರಿಜ್ಜಲ್ಲಿ ಮೂರು ದಿನಕ್ಕೆ ತೊಂದ್ರೆ ಇಲ್ಲ, ಹಸಿಯದ್ದು ಆದ್ರೆ ಒಂದೆರಡು ದಿನ ಅಷ್ಟೇ. ಕಾಯಿ ಮಸಾಲೆ ಆಯಾ ದಿನ ಕಡೀರಿ, ಹುರಿದ ಮೆಣಸು ಕೊತ್ತಂಬರಿ ಪುಡಿ ಮಾಡಿ ಇಟ್ಕೊಂಡ್ರೆ ಕೆಲ್ಸ ಹಗುರ.

ಕರೆಂಟ್ ಹೋದ್ರೆ ಫ್ರಿಜ್ಜಿನ ಬಾಗಿಲು ತೆಗೀಲೇ ಬೇಡಿ, ನಾಲ್ಕು ಗಂಟೆ ತಂಪು ನಿಲ್ತದೆ. ಅದಕ್ಕಿಂತ ಜಾಸ್ತಿ ಆಗುವ ಹಾಗೆ ಕಂಡ್ರೆ ಆ ಹೊತ್ತಿನೊಳಗೆ ಹೊರಗೆ ತೆಗೆದು ಚೆನ್ನಾಗಿ ಕುದಿಸಿ ಅವತ್ತೇ ಉಂಡು ಮುಗಿಸಿ, ಮರುದಿನಕ್ಕೆ ಒಣ ಎಟ್ಟಿ (ಸಿಗಡಿ) ಚಟ್ನಿ ಇದ್ದೇ ಉಂಟು.