ವೀಕ್ಷಣಾಲಯಕ್ಕೆ ಹೋಗಿ ಬಂದ ಹುಡುಗರು ತಿದ್ದಿಕೊಂಡಿರುತ್ತಾರೆಯೇ?

ತುಂಗಾತೀರ: ನಮ್ಮ ಬಡಾವಣೆಯ ಹದಿನೇಳರ ಹುಡುಗನೊಬ್ಬ ಸರಗಳ್ಳತನದ ಪ್ರಕರಣದಲ್ಲಿ ವೀಕ್ಷಣಾಲಯ (ವಿಚಾರಣೆ ಮುಗಿಯುವವರೆಗೆ 18ರೊಳಗಿನ ಆರೋಪಿಗಳನ್ನು ಇರಿಸುವ ಗೃಹ) ಸೇರಿ ಈಗ ಜಾಮೀನಿನ ಮೇಲೆ ಬಂದಿದ್ದಾನೆ. ಯಾರೂ ಅವನನ್ನು ಮಾತನಾಡಿಸುತ್ತಿಲ್ಲ. ಬಾಲ ನ್ಯಾಯ ವ್ಯವಸ್ಥೆ ಇಂಥವರನ್ನು ನಿಜಕ್ಕೂ ತಿದ್ದುತ್ತದೆಯೇ, ಅಥವಾ ಕೆಲವು ದಿನ ಕೂಡಿಹಾಕಿ ಕಳಿಸುತ್ತದೆಯೇ?

ಎರಡು ಹೆಣ್ಣುಮಕ್ಕಳ ತಾಯಿ: ತಿದ್ದುವ ಮಾತು ಬಿಡಿ. 2024ರ ಮೇ ತಿಂಗಳಲ್ಲಿ ಪುಣೆಯಲ್ಲಿ ಪೋರ್ಷೆ ಕಾರು ಗುದ್ದಿ ಇಬ್ಬರು ಎಂಜಿನಿಯರುಗಳು ಸತ್ತರು. ಕಾರಿನಲ್ಲಿದ್ದ ಹದಿನೇಳರ ಹುಡುಗನಿಗೆ ಕೊಟ್ಟ ಶಿಕ್ಷೆ 300 ಪದಗಳ ಪ್ರಬಂಧ! ಇದೇ ನಿಮ್ಮ ಬಾಲ ನ್ಯಾಯ.

ಕೋರ್ಟು ಅಂಗಳ: ಮೇಡಂ, ಅದು ಶಿಕ್ಷೆಯಲ್ಲ, ಜಾಮೀನಿನ ಷರತ್ತು. ಅಂದು ವಿಚಾರಣೆಯೇ ಶುರುವಾಗಿರಲಿಲ್ಲ. ಗೊತ್ತಿಲ್ಲದೆ ಬರೆಯಬೇಡಿ.

ಎರಡು ಹೆಣ್ಣುಮಕ್ಕಳ ತಾಯಿ: "ಗೊತ್ತಿಲ್ಲದೆ" ಎನ್ನಬೇಡಿ. ದುರಂತ ನಡೆದ ದಿನವೇ ಜಾಮೀನು ಸಿಕ್ಕಿತೋ ಇಲ್ಲವೋ? ಅಷ್ಟು ಹೇಳಿ.

ನಿವೃತ್ತ ಮೇಷ್ಟ್ರು: ಕೇಳಿದ ಪ್ರಶ್ನೆಗೆ ಬರೋಣ. ನಾನು ಒಂದು ವೀಕ್ಷಣಾಲಯದಲ್ಲಿ ಸಂಜೆ ಹೊತ್ತು ಕನ್ನಡ ಕಲಿಸುತ್ತಿದ್ದೆ. ಬಾಲ ನ್ಯಾಯ ಕಾಯ್ದೆಯ ಪ್ರಕಾರ ಪ್ರತಿ ಮಗುವಿಗೂ ಅವನದೇ ಆದ ಆರೈಕೆ ಯೋಜನೆ ಬರೆಯಬೇಕು: ಅವನ ಓದು, ಮನೆ, ಚಟ, ಗೆಳೆಯರು, ಮುಂದೇನು ಎಂದು. ನಾನು ನೋಡಿದ ಕಡತಗಳಲ್ಲಿ "ಹೊಲಿಗೆ ತರಬೇತಿ ನೀಡಬಹುದು" ಎಂಬ ಒಂದೇ ಸಾಲು, ಒಂದೇ ಕೈಬರಹ, ಹುಡುಗನಿಂದ ಹುಡುಗನಿಗೆ. ಗ್ಯಾರೇಜಿನಲ್ಲಿ ಎರಡು ವರ್ಷ ದುಡಿದು ಬೈಕಿನ ಎಂಜಿನ್ ಬಿಚ್ಚಿ ಜೋಡಿಸಬಲ್ಲ ಹುಡುಗನಿಗೂ ಅದೇ ಸಾಲು. ಅವನನ್ನು ಒಂದು ಮಾತು ಕೇಳಿದ್ದರೂ ಸಾಕಿತ್ತು. ಕಾಯ್ದೆ ಕೆಟ್ಟದ್ದಲ್ಲ, ಅದನ್ನು ಮನಸ್ಸಿಟ್ಟು ಜಾರಿಮಾಡುವವರಿಲ್ಲ.

ಗಡಿಯಾರ ಕಂಬ: "ಅವನನ್ನು ಒಂದು ಮಾತು ಕೇಳಿದ್ದರೂ ಸಾಕಿತ್ತು" ಅಂತೆ! ಸರ ಕಳೆದುಕೊಂಡವರನ್ನು ಯಾರು ಕೇಳುತ್ತಾರೆ ಮೇಷ್ಟ್ರೇ? ಸಿಕ್ಕಿಬೀಳುವ ಬಾಲಕರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಮಂದಿ 16 ದಾಟಿದವರು. ಅವರಿಗೆ ಎಲ್ಲವೂ ಗೊತ್ತಿರುತ್ತದೆ, 18 ತುಂಬಿಲ್ಲ ಎಂಬುದೂ ಗೊತ್ತಿರುತ್ತದೆ. ಕೊಲೆ ಮಾಡಿದರೂ ಮೂರು ವರ್ಷ, ಆಮೇಲೆ ಬಿಡುಗಡೆ.

ಕೋರ್ಟು ಅಂಗಳ: "ಕೊಲೆ ಮಾಡಿದರೂ ಮೂರು ವರ್ಷ" ಎನ್ನುವುದು ಹಳೆಯ ಕಥೆ. 2015ರ ಕಾಯ್ದೆ 2016ರ ಜನವರಿ 15ರಿಂದ ಜಾರಿಯಲ್ಲಿದೆ. ಘೋರ ಅಪರಾಧವಾದರೆ 16 ತುಂಬಿದವನನ್ನು, ಅವನ ಸಾಮರ್ಥ್ಯ, ತಿಳಿವಳಿಕೆಗಳ ಪ್ರಾಥಮಿಕ ಮೌಲ್ಯಮಾಪನದ ನಂತರ, ವಯಸ್ಕನಂತೆ ವಿಚಾರಣೆಗೆ ಮಕ್ಕಳ ನ್ಯಾಯಾಲಯಕ್ಕೆ ಕಳಿಸಬಹುದು. 21 ತುಂಬುವವರೆಗೆ ಸುರಕ್ಷಾ ಸ್ಥಳ (ಜೈಲಲ್ಲದ ಪ್ರತ್ಯೇಕ ಗೃಹ), ಸುಧಾರಿಸದಿದ್ದರೆ ಉಳಿದ ಅವಧಿಗೆ ಜೈಲು. ಇನ್ನು ಲೆಕ್ಕ: 2022ರಲ್ಲಿ ದೇಶದಲ್ಲಿ ದಾಖಲಾದ 58 ಲಕ್ಷಕ್ಕೂ ಹೆಚ್ಚು ಪ್ರಕರಣಗಳಲ್ಲಿ ಬಾಲಕರು ಆರೋಪಿಗಳಾಗಿದ್ದವು 30,555.

ಗಡಿಯಾರ ಕಂಬ: ಮೂವತ್ತು ಸಾವಿರ ನಿಮಗೆ ಚಿಲ್ಲರೆಯೇ?

ಎರಡು ಹೆಣ್ಣುಮಕ್ಕಳ ತಾಯಿ: ವಕೀಲರು ಜಾಮೀನಿನ ಪ್ರಶ್ನೆಗೆ ಇನ್ನೂ ಉತ್ತರಿಸಿಲ್ಲ.

ಕೋರ್ಟು ಅಂಗಳ: ಸಿಕ್ಕಿತು. ಆದರೆ ಜನ ರೊಚ್ಚಿಗೆದ್ದ ಮೇಲೆ ಜಾಮೀನು ಕೊಟ್ಟ ಅದೇ ಬಾಲ ನ್ಯಾಯ ಮಂಡಳಿ ಮೂರೇ ದಿನಕ್ಕೆ ಅವನನ್ನು ವೀಕ್ಷಣಾಲಯಕ್ಕೆ ಕಳಿಸಿತು. ಜೂನ್ 25ರಂದು ಬಾಂಬೆ ಹೈಕೋರ್ಟ್ ಅದು ಕಾನೂನುಬಾಹಿರ ಎಂದು ಬಿಡುಗಡೆಗೆ ಆದೇಶಿಸಿತು. ಬೀದಿಯ ಕೂಗಿಗೆ ಮಣಿದು ಮಗುವನ್ನು ಒಳಗಿಟ್ಟದ್ದು ತಪ್ಪು.

ಎರಡು ಹೆಣ್ಣುಮಕ್ಕಳ ತಾಯಿ: "ಬೀದಿಯ ಕೂಗು"! ಮಕ್ಕಳನ್ನು ಕಳೆದುಕೊಂಡವರ ಸಂಕಟ ನಿಮಗೆ ಬೀದಿಯ ಕೂಗೇ? ಆ ಹುಡುಗನ ರಕ್ತದ ಮಾದರಿಯನ್ನೇ ಬದಲಿಸಿದ ಆರೋಪದಲ್ಲಿ ವೈದ್ಯರ ಬಂಧನವಾಯಿತು. ಅದನ್ನು ಮಾತ್ರ ನೀವು ಬರೆಯುವುದಿಲ್ಲ.

ಕೋರ್ಟು ಅಂಗಳ: ಅದು ದೊಡ್ಡವರ ಮೇಲಿನ ಆರೋಪ. ಬಾಲ ನ್ಯಾಯ ಕಾಯ್ದೆಗೂ ಅದಕ್ಕೂ ಏನು ಸಂಬಂಧ?

ಗಡಿಯಾರ ಕಂಬ: ಹಣವಂತನ ಮಗನಿಗೆ ಎಲ್ಲ ಸಂಬಂಧವೂ ಇರುತ್ತದೆ. 2025ರಲ್ಲಿ ಅವನನ್ನು ವಯಸ್ಕನಂತೆ ವಿಚಾರಿಸಬೇಕೆಂಬ ಪೊಲೀಸರ ಕೋರಿಕೆಯನ್ನೂ ಮಂಡಳಿ ತಳ್ಳಿಹಾಕಿತು. ನೀವು ಈಗಷ್ಟೇ ಹೊಗಳಿದ ಆ ದಾರಿ ಎಲ್ಲಿ ಹೋಯಿತು?

ಕೋರ್ಟು ಅಂಗಳ: ಕನಿಷ್ಠ ಏಳು ವರ್ಷ ಶಿಕ್ಷೆ ನಿಗದಿಯಾದ ಅಪರಾಧ ಮಾತ್ರ ಘೋರ ಎಂದು ಸುಪ್ರೀಂ ಕೋರ್ಟ್ 2020ರಲ್ಲೇ ಹೇಳಿದೆ. ಕೋಪ ಬಂದಾಗಲೆಲ್ಲ ಕಾನೂನು ಬದಲಾಗುವುದಿಲ್ಲ.

ನಿವೃತ್ತ ಮೇಷ್ಟ್ರು: ಪುಣೆಯ ಒಬ್ಬ ಶ್ರೀಮಂತ ಹುಡುಗನ ಸುತ್ತ ಎಷ್ಟು ಹೊತ್ತು ಗಿರಕಿ ಹೊಡೆಯುತ್ತೀರಿ? ನಾನು ಪಾಠ ಹೇಳಿದವರಲ್ಲಿ ಕಾರಿದ್ದವರು ಯಾರೂ ಇರಲಿಲ್ಲ. ಶಾಲೆ ಬಿಟ್ಟವರು, ಅಪ್ಪನ ಕುಡಿತಕ್ಕೆ ಹೆದರಿ ಮನೆ ಬಿಟ್ಟವರು. ಜಾಮೀನು ಸಿಕ್ಕ ಮೇಲೆ ಅದೇ ಮನೆಗೆ, ಅದೇ ಗೆಳೆಯರ ನಡುವೆ ಹೋಗುತ್ತಾರೆ. ಇಂಥ ಹುಡುಗರ ಮೇಲೆ ನಿಗಾ ಇಡುವ ಪರಿವೀಕ್ಷಣಾಧಿಕಾರಿ (ಪ್ರೊಬೇಷನ್ ಅಧಿಕಾರಿ) ತಿಂಗಳಿಗೊಮ್ಮೆಯಾದರೂ ಬಾಗಿಲು ತಟ್ಟಿದರೆ ಅರ್ಧ ಕೆಲಸ ಆದಂತೆ. 18 ತುಂಬಿ ಗೃಹದಿಂದ ಹೊರಬೀಳುವವರಿಗೆ 21ರವರೆಗೆ ನೆರವು ನೀಡಬಹುದು ಎಂದೂ ಕಾಯ್ದೆಯಲ್ಲಿದೆ.

ಎರಡು ಹೆಣ್ಣುಮಕ್ಕಳ ತಾಯಿ: 21ರವರೆಗೆ ನೆರವು! ಸರ ಎಳೆದಾಗ ರಸ್ತೆಗೆ ಬಿದ್ದು ಕೈ ಮುರಿದುಕೊಂಡ ಹೆಂಗಸಿಗೆ ಯಾವ ಕಾಯ್ದೆಯಲ್ಲಿ ನೆರವಿದೆ?

ಕೋರ್ಟು ಅಂಗಳ: ಸಂತ್ರಸ್ತರ ಪರಿಹಾರ ಯೋಜನೆ ಇದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಹಾಕಬಹುದು.

ಎರಡು ಹೆಣ್ಣುಮಕ್ಕಳ ತಾಯಿ: ಅರ್ಜಿ ಹಾಕಿ ಹಣ ಪಡೆದ ಒಬ್ಬಳೇ ಒಬ್ಬಳನ್ನು ತೋರಿಸಿ, ಆಮೇಲೆ ಆ ಹುಡುಗನ ಹೊಲಿಗೆ ತರಬೇತಿಯ ಬಗ್ಗೆ ಮಾತನಾಡೋಣ.

ನಿವೃತ್ತ ಮೇಷ್ಟ್ರು: ಹೊಲಿಗೆಯಲ್ಲಮ್ಮಾ, ಅವನಿಗೆ ಬೇಕಾಗಿದ್ದದ್ದು ಗ್ಯಾರೇಜು.